ಮಡಿಕೇರಿಯಲ್ಲಿ ಕಾಲೇಜಿಗೆ ನಡೆದು, ಸೈಕಲ್ ತುಳಿದು ಬರುವವರಿಗೆ ಸುರಕ್ಷಿತ ದಾರಿ ಮಾಡುವುದು ಹೇಗೆ?

ಪ್ರಶ್ನೆ – ಉಪನ್ಯಾಸಕಿ, ಮಡಿಕೇರಿ

ನಮ್ಮ ಕಾಲೇಜಿನ ಹೆಚ್ಚಿನ ವಿದ್ಯಾರ್ಥಿಗಳು ಬಸ್ಸಿಳಿದು ಏರುರಸ್ತೆಯಲ್ಲಿ ನಡೆದೇ ಬರುತ್ತಾರೆ. ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳೇ ಅವರ ಕಾಲುದಾರಿ. ಅವು ಅಲ್ಲಲ್ಲಿ ಮುರಿದಿವೆ, ಮಳೆಗಾಲ ಹಿಡಿದರೆ ಪಾಚಿಗಟ್ಟಿ ಜಾರುತ್ತವೆ. ಶನಿವಾರ ಪ್ರವಾಸಿಗರ ಕಾರುಗಳು ಆ ಚಪ್ಪಡಿಗಳ ಮೇಲೆಯೇ ನಿಲ್ಲುವುದರಿಂದ, ಕೊಡೆ ಹಿಡಿದ ಮಕ್ಕಳು ಮಂಜಿನ ನಡುವೆ ರಸ್ತೆಗೇ ಇಳಿಯಬೇಕಾಗುತ್ತದೆ. ಸೈಕಲ್ಲಿನಲ್ಲಿ ಬರಬಯಸುವವರನ್ನು ಮನೆಯವರೇ ತಡೆಯುತ್ತಿದ್ದಾರೆ. ನಗರಸಭೆಗೆ ಮನವಿ ಕೊಡಬೇಕೆಂದಿದ್ದೇವೆ. ಇಷ್ಟು ಇಕ್ಕಟ್ಟಾದ ಇಳಿಜಾರು ರಸ್ತೆಯಲ್ಲಿ ಏನನ್ನು ಕೇಳಿದರೆ ನಿಜಕ್ಕೂ ಆದೀತು?

ಉತ್ತರ – ನಿವೃತ್ತ ಎಂಜಿನಿಯರ್, ಕುಶಾಲನಗರ

ಮೇಡಂ, ‘ರಸ್ತೆ ಸರಿಪಡಿಸಿ’ ಎಂದಷ್ಟೇ ಬರೆದರೆ ಡಾಂಬರು ಬಂದೀತು, ಕಾಲುದಾರಿ ಬಾರದು. ಅಳತೆ ಹೇಳಿ ಕೇಳಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ವಿದ್ಯುತ್ ಕಂಬ ನುಂಗಿದ ಜಾಗ ಈ ಲೆಕ್ಕಕ್ಕೆ ಸೇರುವುದಿಲ್ಲ. ಚಪ್ಪಡಿಗಳ ಮೇಲ್ಮೈಯನ್ನು ಒರಟಾಗಿಸಿ, ಒಂದೇ ಮಟ್ಟದಲ್ಲಿ ಕೂರಿಸಲಿ. ಆದರೆ ಅಗಲಕ್ಕಾಗಿ ರಸ್ತೆಬದಿಯ ಗುಡ್ಡದ ಬರೆ ಕಡಿಯಿರೆಂದು ಮಾತ್ರ ದಯವಿಟ್ಟು ಕೇಳಬೇಡಿ. 2018ರ ಆಗಸ್ಟಿನಲ್ಲಿ ಈ ಗುಡ್ಡಗಳು ಕುಸಿದದ್ದನ್ನು ಕಂಡವರು ನಾವು. ಅಗಲ ಬೇಕಾದಲ್ಲಿ ವಾಹನ ನಿಲುಗಡೆಯ ಜಾಗದಿಂದಲೇ ತೆಗೆದುಕೊಳ್ಳಬೇಕು.

ಸೈಕಲ್ಲಿಗೆ ಎರಡೂ ಬದಿ ಪಥ ಬೇಕೆಂದು ಹಠ ಹಿಡಿಯಬೇಕಾಗಿಲ್ಲ. ಏರು ಹತ್ತುವವರು ನಿಧಾನವಾಗಿ, ತುಸು ಓಲಾಡುತ್ತಲೇ ಸಾಗುವುದರಿಂದ ಅವರಿಗೆ ಪ್ರತ್ಯೇಕ ಜಾಗ ಬೇಕು. ಇಳಿಯುವವರು, ವಾಹನಗಳ ವೇಗ ತಗ್ಗಿಸಿದರೆ, ಅವುಗಳ ಜೊತೆಯಲ್ಲೇ ಇಳಿಯಬಲ್ಲರು. ಇನ್ನೊಂದು ಮಾತು: ಚರಂಡಿಯ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಗೆ ಅಡ್ಡಲಾಗಿರಲಿ, ಉದ್ದಕ್ಕಿದ್ದರೆ ಸೈಕಲ್ ಚಕ್ರ ಅವುಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಉತ್ತರ – ವಕೀಲೆ, ವಿರಾಜಪೇಟೆ

ಮೊದಲು ಆ ರಸ್ತೆ ನಗರಸಭೆಯದೋ, ಲೋಕೋಪಯೋಗಿ ಇಲಾಖೆಯದೋ, ರಾಷ್ಟ್ರೀಯ ಹೆದ್ದಾರಿಯದೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಒಂದು ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ. ಪಾದಚಾರಿಗಳಿಗೆ ಬಳಸಲು ಯೋಗ್ಯವಾದ ಕಾಲುದಾರಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ಮನವಿಯಲ್ಲಿ ಉಲ್ಲೇಖಿಸಿ.

ಉತ್ತರ – ಪದವಿ ವಿದ್ಯಾರ್ಥಿ, ಮೂರ್ನಾಡು

ನಮಗೆ ಹೆಚ್ಚು ಭಯವಾಗುವುದು ತಿರುವಿನಲ್ಲಿ. ಜನರೂ ವಾಹನಗಳೂ ಬೆರೆಯುವಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರೀ ಫಲಕ ನೆಟ್ಟರೆ ಯಾರೂ ನಿಧಾನಿಸುವುದಿಲ್ಲ; ಗೇಟಿನೆದುರು ಕಾಲುದಾರಿಯ ಮಟ್ಟಕ್ಕೇ ಎತ್ತರಿಸಿದ ದಾಟುದಾರಿ ಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಈ ವಾರವೇ ವಿದ್ಯಾರ್ಥಿಗಳೊಡನೆ ಟೇಪು ಹಿಡಿದು ನಿಲ್ದಾಣದಿಂದ ಗೇಟಿನವರೆಗೆ ಅಳೆದು, ಮುರಿದ ಚಪ್ಪಡಿಗಳ ಚಿತ್ರಗಳೊಂದಿಗೆ ಮನವಿ ಸಿದ್ಧಪಡಿಸುತ್ತೇವೆ.