ಶಾಲೆ ಮುಂದಿನ ವೃತ್ತದಲ್ಲಿ ಮೆಸ್ಸಿ ಪ್ರತಿಮೆ: ಸ್ಥಳ ಬದಲಾವಣೆ ಕುರಿತು

ನಿವಾಸಿಗಳ ಸಂಘದ ಕಾರ್ಯದರ್ಶಿ, ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಯುವಕರು ಶಾಲೆಯ ಮುಂದಿನ ವೃತ್ತದಲ್ಲಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಲಿಯೊನೆಲ್ ಮೆಸ್ಸಿಯ ಫೈಬರ್ ಪ್ರತಿಮೆ ನಿಲ್ಲಿಸಲು ವಂತಿಗೆ ಎತ್ತುತ್ತಿದ್ದಾರೆ. 2022ರಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದ ರಾತ್ರಿ ಇವರ ಸಂಭ್ರಮವನ್ನು ಕಣ್ಣಾರೆ ಕಂಡಿದ್ದೇನೆ. ಆ ಅಭಿಮಾನಕ್ಕೆ ಅಡ್ಡ ಬರುವ ಮನಸ್ಸು ನನಗಿಲ್ಲ. ಆದರೆ ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತು ಸಾರ್ವಜನಿಕ ಉಪಯೋಗದ ಇತರ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯ ಸರ್ಕಾರಗಳಿಗೆ ಆದೇಶಿಸಿದೆ. ಆದೇಶವಿರಲಿ, ಇಲ್ಲದಿರಲಿ, ಶಾಲೆ ಬಿಡುವ ಹೊತ್ತಿಗೆ ಆಟೋ, ವ್ಯಾನುಗಳ ನಡುವೆ ದಾರಿ ಹುಡುಕುವ ಮಕ್ಕಳಿಗೆ ಎದುರಿನ ವಾಹನ ಕಾಣದಂತೆ ಎತ್ತರದ ಪೀಠ ಕಟ್ಟುವುದನ್ನು ನಾವು ಒಪ್ಪಲಾಗದು. ಮೈದಾನದ ಪಕ್ಕದಲ್ಲಿರುವ ಸಂಘದ ಸ್ವಂತ ನಿವೇಶನದಲ್ಲಿ ಪ್ರತಿಮೆ ನಿಲ್ಲಲಿ ಎಂಬುದು ನನ್ನ ವಿನಂತಿ.

ಯುವಕರ ಪರವಾಗಿ
ಹಿರಿಯರಿಗೆ ನಮಸ್ಕಾರ. ದಾರಿಹೋಕರೆಲ್ಲ ನೋಡಲಿ ಎಂದು ವೃತ್ತವನ್ನು ಆರಿಸಿದ್ದೆವು. ಸಂಘದ ನಿವೇಶನ ಕೊಡುವುದಾದರೆ ನಮ್ಮ ಒಪ್ಪಿಗೆಯಿದೆ, ಆದರೆ ಮುಂದೆ ಯಾರೂ ತೆಗೆಸದಂತೆ ಅದು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು.

ನಿವೃತ್ತ ಚಿತ್ರಕಲಾ ಶಿಕ್ಷಕ
ಸ್ಥಳದಷ್ಟೇ ಮುಖ್ಯವಾದದ್ದು ಕೆಲಸದ ಗುಣಮಟ್ಟ. ನಮ್ಮ ಬಿಸಿಲಿಗೆ ಫೈಬರಿನ ಮೇಲಿನ ಕಂಚಿನ ಬಣ್ಣ ಬೇಗ ಮಂಕಾಗುತ್ತದೆ, ಒಳಗಿನ ಕಬ್ಬಿಣಕ್ಕೆ ನೀರು ತಗುಲಿದರೆ ತುಕ್ಕು ಉಬ್ಬಿ ಮೇಲ್ಪದರವನ್ನೇ ಸೀಳುತ್ತದೆ. ಚೆಂಡು ಒದೆಯುವ ಭಂಗಿಯಲ್ಲಿ ಇಡೀ ಭಾರ ಒಂದೇ ಕಾಲಿನ ಮೇಲೆ ಬೀಳುವುದರಿಂದ ಕಾಲ್ಗಂಟು ಎಲ್ಲಕ್ಕಿಂತ ದುರ್ಬಲವಾದ ಜಾಗ. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಫುಟ್‌ಬಾಲ್ ಆಟಗಾರ ಜ್ಲಾಟಾನ್ ಇಬ್ರಾಹಿಮೊವಿಚ್‌ರ ಪ್ರತಿಮೆಯನ್ನು ಕಿಡಿಗೇಡಿಗಳು 2020ರ ಜನವರಿಯಲ್ಲಿ ಉರುಳಿಸಿದ್ದು ಕಾಲ್ಗಂಟಿನ ಬಳಿಯೇ ಕೊಯ್ದು, ಅದೂ ಕಂಚಿನದ್ದು. ಮುಖದ ಹೋಲಿಕೆಯಂತೂ ಇನ್ನೂ ಕಷ್ಟ: ಪೋರ್ಚುಗಲ್‌ನ ಮಡೈರಾ ದ್ವೀಪದ ವಿಮಾನ ನಿಲ್ದಾಣದಲ್ಲಿ 2017ರಲ್ಲಿ ಅನಾವರಣಗೊಂಡ ಕ್ರಿಸ್ಟಿಯಾನೊ ರೊನಾಲ್ಡೊರ ಎದೆಮಟ್ಟದ ಪ್ರತಿಮೆ ಜಗತ್ತಿನ ಅಪಹಾಸ್ಯಕ್ಕೆ ಗುರಿಯಾಗಿ, ಮರುವರ್ಷವೇ ಬದಲಾಯಿತು. ಮುಂಗಡ ಕೊಡುವ ಮೊದಲು ಶಿಲ್ಪಿಯಿಂದ ಮಣ್ಣಿನ ಮಾದರಿ ಮಾಡಿಸಿ, ನಾಲ್ಕೂ ದಿಕ್ಕಿನಿಂದ ನೋಡಿಯೇ ಅಚ್ಚು ತೆಗೆಸಬೇಕು. ಅವಸರ ಬೇಡ. ಆ ಪರಿಶೀಲನೆಗೆ ನಾನು ಬರುತ್ತೇನೆ.

ಎರಡನೇ ಅಡ್ಡರಸ್ತೆಯ ನಿವಾಸಿ
ಮಾಸ್ತರರ ಮಾತು ಸರಿ. ನನ್ನದೊಂದು ಕೋರಿಕೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ನಮ್ಮ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ, ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾವು 2-1ರಿಂದ ಸೋತರೂ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದು ದೇಶದ ಮೊದಲ ಗೋಲು. ಪೀಠದ ಒಂದು ಬದಿಯಲ್ಲಿ ಅವರ ಹೆಸರಿನ ಕಲ್ಲಿನ ಫಲಕವನ್ನೂ ಕೂರಿಸಬೇಕು. ಅದರ ವೆಚ್ಚ ನಮ್ಮ ಮನೆಯದು.

ಕಾರ್ಯದರ್ಶಿ
ಅಕ್ಕನವರ ಸಲಹೆಯನ್ನು ಸಂತೋಷದಿಂದ ಸ್ವೀಕರಿಸಿದ್ದೇವೆ. ಭಾನುವಾರ ಬೆಳಿಗ್ಗೆ 7 ಗಂಟೆಗೆ, ಬಿಸಿಲೇರುವ ಮುನ್ನ, ಸಂಘದ ನಿವೇಶನದಲ್ಲೇ ಸಭೆ ಸೇರೋಣ. ಯುವಕರು ವಂತಿಗೆಯ ಲೆಕ್ಕ ತರಲಿ. ಕಟ್ಟಡ ಪರವಾನಗಿಯ ಬಗ್ಗೆ ಮಹಾನಗರ ಪಾಲಿಕೆಗೆ ಕೊಡುವ ಅರ್ಜಿಯನ್ನು ನಾನು ಬರೆದು ತರುತ್ತೇನೆ. ಅಲ್ಲಿಯೇ ಓದಿ, ತಿದ್ದಿ, ಸಹಿ ಹಾಕೋಣ.