ಹಿನ್ನೀರಿಗೆ ಬರುವ ಮುಂಚೆ ಇಷ್ಟು ಕೇಳಿಸಿಕೊಳ್ಳಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂರುವುದಕ್ಕಿಂತ ಹೇಳಿಬಿಡುವುದೇ ಸುಲಭ. ದೀಪಾವಳಿ ರಜೆಗೆ ಮಕ್ಕಳನ್ನೆಲ್ಲ ಹೊನ್ನೆಮರಡು ಕಡೆ ಕರೆದುಕೊಂಡು ಬಂದು ಕ್ಯಾನೋ, ಅದೇ ಹುಟ್ಟು ಹಾಕುವ ಸಣ್ಣ ದೋಣಿ, ಹತ್ತಿಸುತ್ತೇವೆ ಅಂದಿದ್ದೀಯ. ತುಂಬಾ ಖುಷಿಯಾಯಿತು. ಅದರ ಕೆಳಗೆ ಭಾವ ಬರೆದಿದ್ದಾರೆ, ನಿಂತ ನೀರು, ಮಕ್ಕಳಿಗೆ ಈಜು ಬರುತ್ತೆ, ಲೈಫ್ ಜಾಕೆಟ್ ಯಾಕೆ ಅಂತ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಮಕ್ಕಳು ಈಜು ಕಲಿತದ್ದು ತಳ ಕಾಣುವ ಕೊಳದಲ್ಲಿ ಅಲ್ವಾ? ಇದು ಲಿಂಗನಮಕ್ಕಿ ಹಿನ್ನೀರು. 1964ರಲ್ಲಿ ಅಣೆಕಟ್ಟು ಕಟ್ಟಿ ಮುಗಿಯಿತು. ಆ ನೀರಿನಡಿಗೆ ಹೋದದ್ದು ಕಾಡು, ಗದ್ದೆ, ತೋಟ, ಎಷ್ಟೋ ಜನರ ಮನೆ. ಮರದ ಬೊಡ್ಡೆಗಳು ಇನ್ನೂ ಒಳಗೆ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊರಗೆ ಕಾಣುತ್ತವೆ, ತಪ್ಪಿಸಿಕೊಂಡು ಹೋಗಬಹುದು. ನೀವು ಬರುವುದು ಮಳೆಗಾಲ ಮುಗಿದ ಮೇಲೆ, ನೀರು ಏರಿರುವಾಗ. ಗೇಣುದ್ದ ನೀರಿನ ಕೆಳಗಿರುವ ಬೊಡ್ಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಯಾನೋ ತಳಕ್ಕೆ ಅದು ತಾಗಿದರೆ ಮಗುಚುವುದಕ್ಕೆ ಎಷ್ಟು ಹೊತ್ತು? ದಡದಿಂದ ತಲೆ ಕೆಳಗೆ ಮಾಡಿ ಧುಮುಕುವುದಂತೂ ಬೇಡವೇ ಬೇಡ.

ಇನ್ನು ಗಾಳಿ. ಸಿಗಂದೂರಿಗೆ ಹೋಗುವಾಗ ಹೊಸ ಸೇತುವೆ ಮೇಲೆ ಹೇಗೆ ಬೀಸುತ್ತಿತ್ತು, ನೆನಪಿದೆಯಾ ಭಾವ? ಬೆಳಿಗ್ಗೆ ಸುಮ್ಮನಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಅಲೆ ಎಬ್ಬಿಸುತ್ತದೆ. ಆದ್ದರಿಂದ ತಿಂಡಿ ತಿಂದು ಬೇಗ ಇಳಿಯಿರಿ. ಹೋಗುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿ, ಸುಸ್ತಾಗಿ ವಾಪಸ್ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ದೀಪಾವಳಿ ಹೊತ್ತಿಗೆ ಸಂಜೆ ಗುಡುಗು ಇರುವುದುಂಟು. ದೂರದಲ್ಲಿ ಒಂದು ಗುಡುಗು ಕೇಳಿದರೂ ದಡಕ್ಕೆ ತಿರುಗಿಬಿಡಿ.

ಜಾಕೆಟ್ ವಿಷಯ. ಅದನ್ನು ದಡದಲ್ಲೇ ಹಾಕಿಕೊಳ್ಳಬೇಕು, ಕ್ಯಾನೋದಲ್ಲಿ ಪಕ್ಕಕ್ಕೆ ಇಟ್ಟುಕೊಂಡರೆ ಬಿದ್ದ ಮೇಲೆ ತೊಡುವುದಕ್ಕೆ ಆಗುವುದಿಲ್ಲ. ಬಕಲ್ ಎಲ್ಲ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಕಿವಿವರೆಗೆ ಬಂದರೆ ಅದು ದೊಡ್ಡದು, ನೀರಲ್ಲಿ ಮಗು ಕೆಳಗೆ ಜಾರಿ ಹೋಗುತ್ತದೆ. ದೊಡ್ಡವರದ್ದನ್ನು ಚಿಕ್ಕವರಿಗೆ ಹೇಗೋ ಕಟ್ಟಿ ಕಳಿಸುವುದು ಬೇಡ. ಗಾಳಿ ತುಂಬಿದ ಟ್ಯೂಬ್ ಲೆಕ್ಕಕ್ಕಿಲ್ಲ. ದೊಡ್ಡವರೂ ಹಾಕಲೇಬೇಕು, ಭಾವ. ಅಪ್ಪ ಹಾಕದಿದ್ದರೆ ಮಗ ಹಾಕುತ್ತಾನಾ? ಅತ್ತಿಗೆ, ನೀವು ಸೀರೆ ಉಟ್ಟು ಹತ್ತಬೇಡಿ, ನೆನೆದರೆ ಕಾಲಿಗೆ ಸುತ್ತಿಕೊಳ್ಳುತ್ತೆ. ಚೂಡಿದಾರ್ ಇರಲಿ. ಫೋಟೋಗೆ ಅಂತ ಯಾರೂ ಎದ್ದು ನಿಲ್ಲಬಾರದು.

ಮಗುಚಿದರೆ? ಮಕ್ಕಳಿಗೆ ಮೊದಲೇ ಹೇಳಿಕೊಡಿ, ಕ್ಯಾನೋ ಬಿಡಬಾರದು. ನೀರು ತುಂಬಿದರೂ ಅದು ಸಾಮಾನ್ಯವಾಗಿ ತೇಲುತ್ತಿರುತ್ತದೆ. ದಡ ಹತ್ತಿರವಿದೆ ಅನ್ನಿಸುತ್ತದೆ, ಈಜಲು ಹೊರಟರೆ ದೂರ ಗೊತ್ತಾಗುತ್ತದೆ. ಹಿಡಿದುಕೊಂಡು ಸೀಟಿ ಊದಲಿ. ಪ್ರತಿ ಜಾಕೆಟ್‌ಗೂ ಒಂದು ಸೀಟಿ ಕಟ್ಟಿ. ಮುಳುಗುವವರು ಕೂಗುತ್ತಾರೆ ಅಂದುಕೊಳ್ಳಬೇಡಿ, ಬಾಯಿ ನೀರಿನ ಮಟ್ಟಕ್ಕೆ ಬಂದಾಗ ದನಿಯೇ ಹೊರಡುವುದಿಲ್ಲ. ಕಣ್ಣು ಮಕ್ಕಳ ಮೇಲೇ ಇರಲಿ. ಹಾಗೇನಾದರೂ ಕಂಡರೆ ಒಬ್ಬರ ಹಿಂದೆ ಒಬ್ಬರು ಧುಮುಕಬೇಡಿ. ಹುಟ್ಟು ಚಾಚಿ, ಹಗ್ಗ ಎಸೆಯಿರಿ. ಬಿರಡೆ ಬಿಗಿ ಮಾಡಿದ ಖಾಲಿ ನೀರಿನ ಕ್ಯಾನಿಗೆ ಹಗ್ಗ ಕಟ್ಟಿಟ್ಟುಕೊಂಡರೂ ಸಾಕು.

ಇದನ್ನು ಹೇಳಲು ಸಂಕಟವಾಗುತ್ತೆ, ಆದರೂ ಹೇಳುತ್ತೇನೆ. ನೀರಿನಿಂದ ಎತ್ತಿದವರನ್ನು ತಲೆಕೆಳಗೆ ಮಾಡಿ ಹೊಟ್ಟೆ ಒತ್ತುವುದು ನಮ್ಮ ಕಡೆ ರೂಢಿ. ಹಾಗೆ ಮಾಡಲೇಬಾರದು. ಹೊಟ್ಟೆಯಲ್ಲಿದ್ದದ್ದು ಉಸಿರಿನ ದಾರಿಗೆ ಹೋಗುತ್ತದೆ, ಹೊತ್ತೂ ಹಾಳು. ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, ಮತ್ತೆ 2 ಸಲ ಉಸಿರು. ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಪುಟ್ಟಿ, ನೀನು ಬರುವ ಮುಂಚೆ ಇದನ್ನು ಗೊತ್ತಿರುವವರ ಹತ್ತಿರ ಒಂದು ಸಲ ಕಲಿತುಕೊಂಡು ಬಾ.

ಈಗ ಒಂದು ಕೆಲಸ ಮಾಡು. ಯಾರ್ಯಾರು ಬರುತ್ತೀರಿ, ಪ್ರತಿ ಮಗುವಿನ ತೂಕ ಎಷ್ಟು ಅಂತ ಇಲ್ಲೇ ಬರೆದು ಹಾಕು. ಚಿಕ್ಕವರ ಅಳತೆಯ ಜಾಕೆಟ್ ಸಿಗುತ್ತಾ ಅಂತ ನಾನು ವಿಚಾರಿಸಿಡುತ್ತೇನೆ. ಸಿಗದಿದ್ದರೆ ಆ ಚಿಕ್ಕವರು ನನ್ನ ಜೊತೆ ದಡದಲ್ಲೇ ಇರಲಿ.