ಆಂಟಿಬಾಡಿ ಹಾಕಿದರೆ ಕೈನೆಸಿನ್ ನಿಲ್ಲುತ್ತದೆ, ಸರಿ. ಕಂಟ್ರೋಲ್‌ನಲ್ಲೂ ಯಾಕೆ ನಿಲ್ಲುತ್ತಿದೆ?

ನಳಿಕೆ22:
ಮೂರು ವಾರದಿಂದ ಇದೇ ಗೋಳು. ಗಾಜಿನ ಮೇಲೆ ಕೈನೆಸಿನ್ (ಜೀವಕೋಶದ ಮೋಟಾರ್ ಪ್ರೋಟೀನ್) ಕೂರಿಸಿ, ಮೈಕ್ರೋಟ್ಯೂಬ್ಯೂಲ್ (ಅದು ನಡೆಯುವ ಸಣ್ಣ ಪ್ರೋಟೀನ್ ನಳಿಕೆ) ಬಿಟ್ಟು, ಇಂಧನವಾಗಿ ಎಟಿಪಿ ಕೊಟ್ಟರೆ ನಳಿಕೆಗಳು ಚೆನ್ನಾಗಿ ಜಾರುತ್ತವೆ. ಸೆಕೆಂಡಿಗೆ ಸುಮಾರು 0.8 ಮೈಕ್ರೋಮೀಟರ್. ಮೋಟಾರ್ ತಲೆಗೆ ಅಂಟುವ ಮೊನೊಕ್ಲೋನಲ್ ಆಂಟಿಬಾಡಿ ಹಾಕಿದರೆ ನಿಲ್ಲುತ್ತವೆ. ಅಲ್ಲಿಯವರೆಗೆ ಖುಷಿ. ಆದರೆ ಕೈನೆಸಿನ್‌ಗೆ ಸಂಬಂಧವೇ ಇಲ್ಲದ ಬೇರೆ ಆಂಟಿಬಾಡಿ (ಐಜಿಜಿ) ಹಾಕಿದರೂ ನಿಲ್ಲುತ್ತವೆ! ಹಾಗಾದರೆ ನನ್ನ ಫಲಿತಾಂಶಕ್ಕೆ ಏನು ಬೆಲೆ? ಎಲ್ಲವನ್ನೂ ಮಾಮೂಲಿ ಪ್ರೋಟೊಕಾಲ್ ಪ್ರಕಾರವೇ ಮಾಡಿದ್ದೇನೆ. ಮುಂದಿನ ವಾರ ಗೈಡ್‌ಗೆ ತೋರಿಸಬೇಕು. ಯಾರಾದರೂ ದಾರಿ ಹೇಳಿ.

ಗಾಜುಮನೆ:
ಕೇಸೀನ್, ಗಾಜಿಗೆ ಮೊದಲು ಬಳಿಯುವ ಹಾಲಿನ ಪ್ರೋಟೀನ್. ಬೇರೆ ಏನೂ ಅಲ್ಲ. ಕೇಸೀನ್ ಪದರ ಸರಿಯಾಗಿ ಕೂರದಿದ್ದರೆ ಕೈನೆಸಿನ್ ಗಾಜಿಗೆ ಅಡ್ಡಾದಿಡ್ಡಿ ಅಂಟಿ ಕೆಡುತ್ತದೆ. ಹೊಸದಾಗಿ ಕರಗಿಸಿ, ಫಿಲ್ಟರ್ ಮಾಡಿ, 5 ನಿಮಿಷ ಬಿಡಿ.

ನಳಿಕೆ22:
ಮಾಡಿದೆ ಸರ್. ಎರಡು ಸಲ. ಏನೂ ಬದಲಾಗಲಿಲ್ಲ.

ಗಾಜುಮನೆ:
ಯಾವ ಕೇಸೀನ್? ಎಲ್ಲ ಡಬ್ಬಿಯೂ ಒಂದೇ ಥರ ಇರುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಒಂದು ಡಬ್ಬಿ ಬದಲಾಯಿಸಿದ ಮೇಲೆಯೇ ಎಲ್ಲ ಸರಿಹೋಯಿತು. ಕವರ್‌ಸ್ಲಿಪ್ ತೊಳೆಯುವುದು ಹೇಗೆ ಅಂತಲೂ ಹೇಳಿ.

ತಿರುಚುಬೆಳಕು:
ಆಂಟಿಬಾಡಿ ಇಲ್ಲದಾಗ ಜಾರುತ್ತಿವೆ ಎಂದು ಅವರೇ ಬರೆದಿದ್ದಾರೆ. ಹಾಗಿರುವಾಗ ಕೇಸೀನ್ ಮೇಲೆ ಯಾಕೆ ಹೋಗುತ್ತೀರಿ? ನನ್ನ ಅನುಮಾನ ರೋಡಮಿನ್ ಮೇಲೆ, ಅಂದರೆ ನೀವು ಹಚ್ಚುವ ಹೊಳೆಯುವ ಬಣ್ಣದ ಮೇಲೆ. ಬಣ್ಣ ಹಚ್ಚಿದ ಟ್ಯುಬುಲಿನ್ (ಮೈಕ್ರೋಟ್ಯೂಬ್ಯೂಲ್‌ನ ಪ್ರೋಟೀನ್) ಯಾಕೆ ಬೇಕು? 1985ರಲ್ಲಿ ವುಡ್ಸ್ ಹೋಲ್‌ನಲ್ಲಿ ಸ್ಕ್ವಿಡ್ ನರತಂತುವಿನಿಂದ ಕೈನೆಸಿನ್ ಬೇರ್ಪಡಿಸಿದಾಗ ಬಣ್ಣ ಹಚ್ಚದ ಮೈಕ್ರೋಟ್ಯೂಬ್ಯೂಲ್‌ಗಳನ್ನೇ ವಿಡಿಯೋ ಡಿಐಸಿಯಲ್ಲಿ (ಬಣ್ಣವಿಲ್ಲದೆಯೇ ಕಾಣಿಸುವ ಸೂಕ್ಷ್ಮದರ್ಶಕ ವಿಧಾನ) ನೋಡಿದ್ದರು. ನಾನು ಇವತ್ತಿಗೂ ಹಾಗೇ ನೋಡುತ್ತೇನೆ. ಹಳೆಯ ಸ್ಟ್ಯಾಂಡ್, 100ಎಕ್ಸ್ ಎಣ್ಣೆ ಲೆನ್ಸ್, ಹಿನ್ನೆಲೆ ಕಳೆಯುವ ಒಂದು ಸಣ್ಣ ಪ್ರೋಗ್ರಾಂ. ಗಂಟೆಗಟ್ಟಲೆ ಓಡಿಸಿದರೂ ಒಂದೂ ಮುರಿಯುವುದಿಲ್ಲ.

ಗಾಜುಮನೆ:
ಎಲ್ಲರ ಹತ್ತಿರ ಡಿಐಸಿ ಪ್ರಿಸಂ ಇರುವುದಿಲ್ಲ. ಟರ್ಫ್‌ನಲ್ಲಿ (ಹೊಳೆಯುವ ಬಣ್ಣ ನೋಡುವ ವಿಧಾನ) ಕಾಣುವಷ್ಟು ಸ್ಪಷ್ಟವಾಗಿ ಡಿಐಸಿಯಲ್ಲಿ ಕಾಣುವುದೂ ಇಲ್ಲ.

ತಿರುಚುಬೆಳಕು:
ಕಾಣುತ್ತದೆ. ಜೋಡಿಸಲು ಕೈ ಪಳಗಿರಬೇಕು, ಅಷ್ಟೇ.

ಎರಡು_ತೋಳು:
ಮೂಲ ಪ್ರಶ್ನೆಗೆ ಬರೋಣ. ಇಡೀ ಐಜಿಜಿ ಹಾಕಿದಿರಾ, ಫ್ಯಾಬ್ (ಒಂದೇ ತೋಳಿನ ತುಂಡು) ಹಾಕಿದಿರಾ? ಐಜಿಜಿಗೆ ಎರಡು ತೋಳು. ಎರಡು ಕೈನೆಸಿನ್ ಹಿಡಿದು ಒಟ್ಟಿಗೆ ಕಟ್ಟಿಬಿಡಬಹುದು. ಇನ್ನೊಂದು ಮಾತು. ಸಂಬಂಧವಿಲ್ಲದ ಐಜಿಜಿ ಒಂದೇ ಕಂಟ್ರೋಲ್ ಸಾಲದು. ಕೈನೆಸಿನ್‌ಗೇ ಅಂಟುವ, ಆದರೆ ತಲೆಯಿಂದ ದೂರ ಅಂಟುವ ಆಂಟಿಬಾಡಿಯೂ ಬೇಕು. 1988ರಲ್ಲಿ ಸಮುದ್ರದ ಅರ್ಚಿನ್ ಕೈನೆಸಿನ್ ಮೇಲೆ ಮಾಡಿದ ಕೆಲಸ ಓದಿ. ಕೈನೆಸಿನ್‌ನ ಭಾರೀ ಸರಪಳಿಗೆ ಅಂಟುವ ಏಳು ಮೊನೊಕ್ಲೋನಲ್‌ಗಳಲ್ಲಿ ಎಸ್‌ಯುಕೆ4, ಎಸ್‌ಯುಕೆ6, ಎಸ್‌ಯುಕೆ7 ಮಾತ್ರ ಜಾರುವುದನ್ನು ತಡೆದವು. ಎಸ್‌ಯುಕೆ2 ಅಂಟಿತು, ತಡೆಯಲಿಲ್ಲ. ಆ ವ್ಯತ್ಯಾಸದಿಂದಲೇ ಅಲ್ವಾ, ಚಲನೆಗೆ ಯಾವ ಭಾಗ ಬೇಕು ಎಂದು ಗೊತ್ತಾಗುವುದು?

ನಳಿಕೆ22:
ಇಡೀ ಐಜಿಜಿ. ಆದರೆ ಕಂಟ್ರೋಲ್ ಐಜಿಜಿ ಕೈನೆಸಿನ್‌ಗೆ ಅಂಟುವುದೇ ಇಲ್ಲ. ಅದು ಏನನ್ನು ಕಟ್ಟುತ್ತದೆ?

ಬಫರ್_ಮೊದಲು:
ಎರಡೇ ಪ್ರಶ್ನೆ. ಆಂಟಿಬಾಡಿ ಯಾವ ದ್ರಾವಣದಲ್ಲಿ ಬಂದಿದೆ? ಬಾಟಲಿ ಮೇಲಿನ ಚೀಟಿ ಪೂರ್ತಿ ಓದಿ. ಎರಡನೆಯದು, ಚೇಂಬರ್ ತುಂಬ ಎಲ್ಲವೂ ನಿಂತಿವೆಯಾ, ನೀವು ನೋಡುತ್ತಿರುವ ಜಾಗದಲ್ಲಿ ಮಾತ್ರವಾ?

ನಳಿಕೆ22:
ಪಿಬಿಎಸ್ (ಫಾಸ್ಫೇಟ್ ಉಪ್ಪಿನ ಬಫರ್), ಜೊತೆಗೆ ಕೆಡದಂತೆ ಹಾಕುವ ಸೋಡಿಯಂ ಅಜೈಡ್ 0.09 ಶೇಕಡಾ. ಎರಡೂ ಆಂಟಿಬಾಡಿಗೆ ಅದೇ. ಹತ್ತಕ್ಕೆ ಒಂದರಂತೆ ಬೆರೆಸುತ್ತೇನೆ. ಹೊಸ ಜಾಗಕ್ಕೆ ಸರಿಸಿದರೆ ಅರ್ಧ ನಿಮಿಷ ಜಾರುತ್ತವೆ, ಆಮೇಲೆ ನಿಂತು ತುಂಡಾಗುತ್ತವೆ. ಆಂಟಿಬಾಡಿ ನಿಧಾನಕ್ಕೆ ಅಂಟುತ್ತಿದೆ ಅಂದುಕೊಂಡಿದ್ದೆ. ಅದಕ್ಕೇ ಬರೆಯಲಿಲ್ಲ.

ಬಫರ್_ಮೊದಲು:
ಅದೇ ಮುಖ್ಯವಾಗಿತ್ತು ನೋಡಿ. ಆಂಟಿಬಾಡಿ ಅಂಟಿ ನಿಲ್ಲಿಸುವುದಾದರೆ ಬೆಳಕು ಬಿದ್ದ ಜಾಗಕ್ಕೂ ಬೀಳದ ಜಾಗಕ್ಕೂ ಭೇದ ಇರಬಾರದು. ನಿಮ್ಮಲ್ಲಿ ಬೆಳಕು ಬಿದ್ದಲ್ಲಿ ಮಾತ್ರ ಕೆಡುತ್ತಿದೆ. ಬೆಳಕಿನಲ್ಲಿ ಹಾನಿ ಮಾಡುವ ಆಮ್ಲಜನಕ ತೆಗೆಯಲು ಗ್ಲೂಕೋಸ್ ಆಕ್ಸಿಡೇಸ್ ಮತ್ತು ಕ್ಯಾಟಲೇಸ್ ಹಾಕಿರುತ್ತೀರಿ. ಮೊದಲನೆಯದು ಆಮ್ಲಜನಕ ತಿಂದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಅದನ್ನು ಒಡೆಯುವುದು ಕ್ಯಾಟಲೇಸ್. ಅಜೈಡ್ ಕ್ಯಾಟಲೇಸ್‌ನ ಕಬ್ಬಿಣಕ್ಕೆ ಅಂಟಿ ಅದನ್ನು ಕಟ್ಟಿಹಾಕುತ್ತದೆ. ನಿಮ್ಮ ಚೇಂಬರ್‌ನಲ್ಲಿ ಸುಮಾರು 1.4 ಮಿಲಿಮೋಲಾರ್ ಅಜೈಡ್ ಇದೆ, ಕಡಿಮೆಯೇನಲ್ಲ. ಪೆರಾಕ್ಸೈಡ್ ಜಮೆಯಾಗುತ್ತದೆ, ಮೇಲಿಂದ ರೋಡಮಿನ್‌ಗೆ ಜೋರು ಬೆಳಕು.

ಎರಡು ಆಂಟಿಬಾಡಿಯನ್ನೂ ಡಿಸಾಲ್ಟಿಂಗ್ ಕಾಲಂನಲ್ಲಿ ಅಸ್ಸೇ ಬಫರ್‌ಗೆ ಬದಲಾಯಿಸಿ. ಇನ್ನೊಂದು ಚೇಂಬರ್‌ಗೆ ಆಂಟಿಬಾಡಿ ಬಿಟ್ಟು ಬರೀ ಪಿಬಿಎಸ್ ಮತ್ತು ಅಜೈಡ್ ಹಾಕಿ. ಅದರಲ್ಲೂ ನಿಂತರೆ ಅನುಮಾನವೇ ಬೇಡ. ಉಳಿದ ಅಜೈಡ್ ಸಿಂಕಿಗೆ ಸುರಿಯಬೇಡಿ. ತಾಮ್ರ, ಸೀಸದ ಪೈಪಿನಲ್ಲಿ ಸ್ಫೋಟಿಸುವ ವಸ್ತು ಆಗುತ್ತದೆ.

ಗಾಜುಮನೆ:
ಅಜೈಡ್ ಇರಬಹುದು. ಆದರೂ ಕೇಸೀನ್ ಒಮ್ಮೆ ನೋಡಿ.

ತಿರುಚುಬೆಳಕು:
ರೋಡಮಿನ್ ಮೇಲೆ ಅನುಮಾನ ಅಂತ ನಾನು ಮೊದಲೇ ಬರೆದಿದ್ದೆ.

ಬಫರ್_ಮೊದಲು:
ಬೆಳಕಿನ ಕಡೆ ಸರಿಯಾಗಿಯೇ ತೋರಿಸಿದ್ದಿರಿ. ಆದರೆ ಆಂಟಿಬಾಡಿ ಇಲ್ಲದ ಚೇಂಬರ್‌ನಲ್ಲೂ ಅದೇ ರೋಡಮಿನ್, ಅದೇ ಬೆಳಕು ಇತ್ತಲ್ಲ.

ನಳಿಕೆ22:
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಬರೀ ಅಜೈಡ್ ಹಾಕಿದ ಚೇಂಬರ್‌ನಲ್ಲೂ ನಿಂತವು. ಬಫರ್ ಬದಲಾಯಿಸಿದ ಕಂಟ್ರೋಲ್ ಐಜಿಜಿಯಲ್ಲಿ 0.8 ವೇಗದಲ್ಲೇ ಓಡುತ್ತಿವೆ. ತುಂಬಾ ಥ್ಯಾಂಕ್ಸ್. ಆದರೆ ನನ್ನ ಆಂಟಿಬಾಡಿಯೂ ಈಗ ಪೂರ್ತಿ ನಿಲ್ಲಿಸುತ್ತಿಲ್ಲ. ವೇಗ 0.3ಕ್ಕೆ ಇಳಿಯುತ್ತದೆ, ಅಷ್ಟೇ. ಗೈಡ್‌ಗೆ ಎಲ್ಲವನ್ನೂ ಹೇಳಿದೆ. ಬೇಜಾರಾಯಿತು. ತಲೆಗಳು ಕೆಲವು ಮಾತ್ರ ಕಟ್ಟಿಹೋಗಿವೆ ಅಂತ ಬರೆದುಕೊಳ್ಳಲಾ?

ಎರಡು_ತೋಳು:
ಬೇಡ, ಅವಸರ ಮಾಡಬೇಡಿ. ಒಂದು ಎಟಿಪಿಗೆ 8 ನ್ಯಾನೋಮೀಟರ್ ಹೆಜ್ಜೆ. 0.8 ಎಂದರೆ ಸೆಕೆಂಡಿಗೆ 100 ಹೆಜ್ಜೆ. ಒಂದೇ ಕೈನೆಸಿನ್ ಎಳೆದರೂ, ಹತ್ತು ಎಳೆದರೂ ಈ ವೇಗ ಹೆಚ್ಚೂಕಡಿಮೆ ಅಷ್ಟೇ. ಕೆಲವು ಸುಮ್ನೆ ಕೈಬಿಟ್ಟಿದ್ದರೆ ಉಳಿದವು 0.8ರಲ್ಲೇ ಎಳೆಯಬೇಕಿತ್ತು. ಇಳಿದಿದೆ ಎಂದರೆ ಕಟ್ಟಿಹೋದ ತಲೆಗಳು ಮೈಕ್ರೋಟ್ಯೂಬ್ಯೂಲ್ ಬಿಡದೆ ಹಿಂದಕ್ಕೆ ಜಗ್ಗುತ್ತಿರಬಹುದು. ಅಥವಾ ನಾನು ಮೊದಲು ಹೇಳಿದ ಎರಡು ತೋಳಿನ ಗಂಟು. ಪೆಪೇನ್ (ಆಂಟಿಬಾಡಿ ಕತ್ತರಿಸುವ ಕಿಣ್ವ) ಹಾಕಿ ಫ್ಯಾಬ್ ಮಾಡಿ, ಅಳತೆ ಏರಿಸುತ್ತಾ ಹೋಗಿ. ಫ್ಯಾಬ್‌ನಲ್ಲೂ 0.3 ಬಂದರೆ ಗಂಟಿನ ಮಾತು ಬಿಡುತ್ತೇನೆ. ನಿಮ್ಮ ಮೊದಲ ಫಲಿತಾಂಶಕ್ಕಿಂತ ಇದು ದೊಡ್ಡ ವಿಷಯ, ನಿಜಕ್ಕೂ.

ತಿರುಚುಬೆಳಕು:
ಫ್ಯಾಬ್ ಆದ ಮೇಲೆ ಬಣ್ಣ ಹಚ್ಚದ ಮೈಕ್ರೋಟ್ಯೂಬ್ಯೂಲ್ ಕಳಿಸಿ. ನನ್ನ ಸ್ಕೋಪಿನಲ್ಲಿ ನೋಡಿ ಕೊಡುತ್ತೇನೆ.

ನಳಿಕೆ22:
ಖಂಡಿತ ಕಳಿಸುತ್ತೇನೆ ಸರ್. ಪೆಪೇನ್ ಸೋಮವಾರ ಬರುತ್ತದೆ. ಪೆಪೇನ್ ನಿಲ್ಲಿಸಿದ ಮೇಲೆ ಎಫ್‌ಸಿ ತುಂಡು (ತೋಳು ಬಿಟ್ಟು ಉಳಿದ ಭಾಗ) ತೆಗೆಯಲು ಪ್ರೋಟೀನ್ ಎ ಸಾಕಾ? ನನ್ನದು ಐಜಿಜಿ1.